ಟೆಕ್ಸಾಸ್‌ನ ಲೂಸಿ ರಷ್ಯನ್ ಹೆಸರಿಟ್ಟುಕೊಂಡದ್ದೇಕೆ? ಪಿಯಾನೊ ವಾದಕಿ, ಗುರು ಓಲ್ಗಾ ಸಮರಾಫ್ ಅವರ ಬದುಕು

1905ರ ಜನವರಿ 18ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಓಲ್ಗಾ ಸಮರಾಫ್ ಎಂಬ ಹೊಸ ಪಿಯಾನೊ ವಾದಕಿಯ ಮೊದಲ ದೊಡ್ಡ ಕಛೇರಿ ನಡೆಯಿತು. ಹೆಸರು ಓದಿದವರಿಗೆ ಈಕೆ ಮಾಸ್ಕೋದಿಂದಲೋ ಸೇಂಟ್ ಪೀಟರ್ಸ್‌ಬರ್ಗಿನಿಂದಲೋ ಹಡಗು ಹತ್ತಿ ಬಂದವರು ಅನ್ನಿಸಬೇಕು. ಹಾಗೆ ಅನ್ನಿಸಲೆಂದೇ ಆ ಹೆಸರನ್ನು ಆರಿಸಿದ್ದು. ಆಕೆ ಹುಟ್ಟಿದ್ದು ಅಮೆರಿಕದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ, 1880ರ ಆಗಸ್ಟ್ 8ರಂದು. ಮನೆಯವರು ಇಟ್ಟ ಹೆಸರು ಲೂಸಿ ಮೇರಿ ಆಗ್ನೆಸ್ ಹಿಕನ್‌ಲೂಪರ್.

ಪಿಯಾನೊ, ಕೀಬೋರ್ಡ್ ತರಗತಿಗಳು ಈಗ ಬೆಂಗಳೂರಿನ ಬಡಾವಣೆಗಳಲ್ಲೂ ಸಾಮಾನ್ಯವಾಗಿವೆ. ಮಕ್ಕಳು ವಿದೇಶಿ ಸಂಸ್ಥೆಗಳ ಗ್ರೇಡ್ ಪರೀಕ್ಷೆ ಬರೆಯುತ್ತಾರೆ, ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸುತ್ತಾರೆ. ಪರೀಕ್ಷೆ ಮುಗಿದ ಮೇಲೆ ಏನು, ವೇದಿಕೆ ಹತ್ತುವುದು ಹೇಗೆ, ಅದಕ್ಕೆ ದುಡ್ಡು ಹಾಕುವವರು ಯಾರು, ಗುರು ಎಷ್ಟು ಹೇಳಿಕೊಡಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ಪ್ರಶ್ನೆಗಳು ಆಮೇಲೆ ಶುರುವಾಗುತ್ತವೆ. ಈ ಎಲ್ಲ ಪ್ರಶ್ನೆಗಳೂ ಒಬ್ಬರ ಬದುಕಿನಲ್ಲೇ ಎದುರಾದ ಉದಾಹರಣೆ ಬೇಕಿದ್ದರೆ ಸಮರಾಫ್ ಅವರನ್ನು ನೋಡಬಹುದು.

ಮನೆಯಲ್ಲಿ ಪಿಯಾನೊ, ವೇದಿಕೆಯಲ್ಲಿ ಬೇಡ

ಮೊದಲು ವಾದ್ಯದ ವಿಷಯ. ಪಿಯಾನೊದಲ್ಲಿ 88 ಮನೆಗಳು. ಒಂದನ್ನು ಒತ್ತಿದರೆ ಒಳಗಿರುವ ಪುಟ್ಟ ಸುತ್ತಿಗೆಯೊಂದು ಹೋಗಿ ತಂತಿಗೆ ಬಡಿಯುತ್ತದೆ. ಎಷ್ಟು ಬಲವಾಗಿ, ಎಷ್ಟು ಬೇಗ ಒತ್ತಿದೆವು ಎನ್ನುವುದರ ಮೇಲೆ ನಾದ ಗಟ್ಟಿಯಾಗುತ್ತದೆ ಇಲ್ಲವೇ ಮೆದುವಾಗುತ್ತದೆ. ಹತ್ತೂ ಬೆರಳುಗಳಿಗೆ ಕೆಲಸವಿರುವುದರಿಂದ ಒಬ್ಬರೇ ಕುಳಿತು ರಾಗದ ಎಳೆ, ಅದರ ಹಿನ್ನೆಲೆ, ತಾಳದ ನಡೆ ಮೂರನ್ನೂ ನಿಭಾಯಿಸಬಹುದು. ರೇಡಿಯೊ ಇಲ್ಲದ ಕಾಲದಲ್ಲಿ ಮನೆಗೊಂದು ಪಿಯಾನೊ ಇದ್ದರೆ ಮನೆಮಂದಿಗೆಲ್ಲ ಸಂಗೀತ ಸಿಕ್ಕಂತೆ. 1909ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಹೊರಬಂದ ಪಿಯಾನೊಗಳು ಮೂರೂವರೆ ಲಕ್ಷಕ್ಕೂ ಹೆಚ್ಚು.

ಈ ಪಿಯಾನೊಗಳ ಮುಂದೆ ಕೂರುತ್ತಿದ್ದವರಲ್ಲಿ ಬಹುಪಾಲು ಹೆಣ್ಣುಮಕ್ಕಳೇ. ಮಧ್ಯಮವರ್ಗದ ಹುಡುಗಿಗೆ ಕಸೂತಿ, ಫ್ರೆಂಚ್ ಭಾಷೆ ಬರಬೇಕೆಂದು ಬಯಸುತ್ತಿದ್ದಂತೆಯೇ ಪಿಯಾನೊ ಕೂಡ ಬರಬೇಕೆಂದು ಬಯಸುತ್ತಿದ್ದರು. ಆದರೆ ನುಡಿಸುವುದು ಮನೆಯ ಹಜಾರದಲ್ಲಿ, ಬಂದ ನೆಂಟರ ಮುಂದೆ. ಅದೇ ಹುಡುಗಿ ಟಿಕೆಟ್ ಹಣಕ್ಕೆ ಸಾರ್ವಜನಿಕರ ಮುಂದೆ ನುಡಿಸುತ್ತೇನೆಂದರೆ ಮನೆಯವರ ಮುಖ ಬಾಡುತ್ತಿತ್ತು. ಜರ್ಮನಿಯ ಕ್ಲಾರಾ ಶೂಮನ್, ವೆನೆಜುವೆಲಾದ ತೆರೇಸಾ ಕರೆನ್ಯೊ ಅವರಂಥವರು ಜಗತ್ತು ಸುತ್ತಿ ನುಡಿಸಿ ಹೆಸರು ಮಾಡಿದ್ದರು, ನಿಜ. ಆದರೆ ಅವರನ್ನು ನೋಡಿ ತಮ್ಮ ಮಗಳನ್ನೂ ಹಾಗೆ ಕಳಿಸುವ ತಂದೆತಾಯಿ ವಿರಳ.

ಲೂಸಿ ಬೆಳೆದದ್ದು ಟೆಕ್ಸಾಸ್ ಕರಾವಳಿಯ ಗ್ಯಾಲ್ವೆಸ್ಟನ್ ಊರಿನಲ್ಲಿ. ಮೊದಲ ಗುರು ಅಜ್ಜಿ ಲೂಸಿ ಗ್ರುನೆವಾಲ್ಡ್. ಅಜ್ಜಿಯೂ ಒಂದು ಕಾಲಕ್ಕೆ ಕಛೇರಿ ಮಟ್ಟದ ಪಿಯಾನೊ ವಾದಕಿ. ಮೊಮ್ಮಗಳ ಕೈ ನೋಡಿದ ಅಜ್ಜಿಗೆ ಇದು ನೆಂಟರ ಮುಂದೆ ನುಡಿಸಿ ಮುಗಿಸುವ ಕೈಯಲ್ಲ ಎಂದು ಗೊತ್ತಾಯಿತು. ಹುಡುಗಿಗೆ ಹದಿನಾಲ್ಕರ ಸುಮಾರಿಗೆ ಅಜ್ಜಿಯೇ ಜೊತೆಗೆ ನಿಂತು ಆಕೆಯನ್ನು ಪ್ಯಾರಿಸಿಗೆ ಕರೆದೊಯ್ದರು.

ಪ್ಯಾರಿಸ್‌ಗೇ ಏಕೆ ಹೋಗಬೇಕಿತ್ತು?

ಆಗ ಅಮೆರಿಕದಲ್ಲಿ ಸಂಗೀತ ಶಾಲೆಗಳು ಇರಲಿಲ್ಲವೆಂದಲ್ಲ. ಅಲ್ಲಿ ಕಲಿತವರಿಗೆ ಬೆಲೆ ಇರಲಿಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಹುಟ್ಟಿ ಬೆಳೆದದ್ದು ಯುರೋಪಿನಲ್ಲಿ. ವಾದಕರಿಗೆ ಮುದ್ರೆ ಒತ್ತುವ ಅಧಿಕಾರವೂ ಅಲ್ಲಿಯವರದೇ ಎಂದು ಅಮೆರಿಕನ್ನರೇ ನಂಬಿದ್ದರು. ಆ ಮುದ್ರೆಗಳಲ್ಲಿ ದೊಡ್ಡದು ಪ್ಯಾರಿಸ್ ಕನ್ಸರ್ವೇಟರಿಯದು. ಅದು ಸರ್ಕಾರಿ ಸಂಗೀತ ಶಾಲೆ. ಪ್ರವೇಶಕ್ಕೆ ಕಠಿಣ ಪರೀಕ್ಷೆ, ವಿದೇಶಿಯರಿಗೆ ಬೆರಳೆಣಿಕೆಯ ಜಾಗ. ಪಿಯಾನೊ ತರಗತಿಗಳು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಹೆಂಗಸರ ತರಗತಿಯನ್ನು ತೆಗೆದುಕೊಳ್ಳುತ್ತಿದ್ದ ಪ್ರಾಧ್ಯಾಪಕರಲ್ಲಿ ಒಬ್ಬರು ಎಲಿ ಡೆಲಬೋರ್ಡ್. ಆ ತರಗತಿಗೆ ಆಯ್ಕೆಯಾದ ಮೊದಲ ಅಮೆರಿಕನ್ ಹೆಣ್ಣುಮಗಳು ಲೂಸಿ.

ಆಯ್ಕೆಯಾದ ಮಾತ್ರಕ್ಕೆ ಗೌರವ ಸಿಗಲಿಲ್ಲ. ಅಮೆರಿಕನ್ನರಿಗೆ ಸಂಗೀತ ಒಲಿಯುವುದಿಲ್ಲ, ನೀನೇಕೆ ಪಿಯಾನೊ ಹಿಡಿದೆ ಎಂಬರ್ಥದ ಮಾತನ್ನು ಅಲ್ಲಿನ ಹಿರಿಯರೊಬ್ಬರಿಂದ ಕೇಳಬೇಕಾಯಿತೆಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. ಹದಿಹರೆಯದ ಹುಡುಗಿಗೆ ನಾಟಿದ ಈ ಮಾತು ಅವರ ಮುಂದಿನ ನಲವತ್ತು ವರ್ಷದ ಕೆಲಸದುದ್ದಕ್ಕೂ ಎಲ್ಲೋ ಒಳಗೆ ಕುಟುಕುತ್ತಲೇ ಇತ್ತು ಎಂದು ನನಗನ್ನಿಸುತ್ತದೆ.

ಪ್ಯಾರಿಸ್ ಮುಗಿಸಿ ಬರ್ಲಿನ್‌ಗೆ ಹೋಗಿ ಅರ್ನ್ಸ್ಟ್ ಯೆಡ್ಲಿಚ್ಕಾ ಮತ್ತು ಅರ್ನೆಸ್ಟ್ ಹಚಿಸನ್ ಅವರ ಬಳಿ ಕಲಿತರು. 1900ರಲ್ಲಿ ಬೋರಿಸ್ ಲುಟ್ಸ್ಕಿ ಎಂಬ ರಷ್ಯನ್ ಎಂಜಿನಿಯರ್ ಜೊತೆ ಮದುವೆಯಾಯಿತು. ಕಛೇರಿಯ ಕನಸು ಅಲ್ಲಿಗೆ ನಿಂತಿತು. ಅದೇ ವರ್ಷದ ಸೆಪ್ಟೆಂಬರ್ 8ರಂದು ಗ್ಯಾಲ್ವೆಸ್ಟನ್‌ಗೆ ಚಂಡಮಾರುತ ಅಪ್ಪಳಿಸಿತು. ಸಾವಿರಾರು ಜನ ಸತ್ತರು. ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಪ್ರಕೃತಿ ವಿಕೋಪ ಅದು. ಹಿಕನ್‌ಲೂಪರ್ ಮನೆಯವರ ವ್ಯಾಪಾರ ಕೊಚ್ಚಿಹೋಯಿತು. ಮದುವೆಯೂ ಬಹುಕಾಲ ನಿಲ್ಲದೆ 1904ರಲ್ಲಿ ರದ್ದಾಯಿತು. ಇಪ್ಪತ್ತನಾಲ್ಕರ ಲೂಸಿ ಅಮೆರಿಕಕ್ಕೆ ಮರಳಿದಾಗ ಕೈಯಲ್ಲಿ ಹಣವಿಲ್ಲ, ಮನೆಯ ವ್ಯಾಪಾರವಿಲ್ಲ. ಉಳಿದದ್ದು ಪಿಯಾನೊ ಒಂದೇ.

ಮೊದಲ ಕಛೇರಿಯ ಲೆಕ್ಕಾಚಾರ

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೆಸರು ಬದಲಾದ ಕಾರಣ ಇಲ್ಲೇ ಇದೆ.

ಆ ಕಾಲದ ಪಾಶ್ಚಾತ್ಯ ಸಂಗೀತ ಜಗತ್ತಿನಲ್ಲಿ ವಾದಕರಿಗೂ ಸಭಾಂಗಣಗಳಿಗೂ ನಡುವೆ ಒಬ್ಬ ಮ್ಯಾನೇಜರ್ ಇರುತ್ತಿದ್ದ. ಯಾವ ಊರಿನಲ್ಲಿ ಯಾರ ಕಛೇರಿ, ಎಷ್ಟು ಸಂಭಾವನೆ ಎಂಬುದನ್ನು ಅವನೇ ಗೊತ್ತು ಮಾಡುತ್ತಿದ್ದ, ಗಳಿಕೆಯಲ್ಲಿ ಅವನಿಗೊಂದು ಪಾಲು. ಹೊಸಬರನ್ನು ಅವನು ಒಪ್ಪಿಕೊಳ್ಳಬೇಕಾದರೆ ಯುರೋಪಿನ ಪತ್ರಿಕೆಗಳಲ್ಲಿ ಬಂದ ಒಳ್ಳೆಯ ವಿಮರ್ಶೆಗಳ ಕತ್ತರಿಕೆ ತೋರಿಸಬೇಕು. ಲೂಸಿಯ ಬಳಿ ಅದಿರಲಿಲ್ಲ. ಯುರೋಪಿನಲ್ಲಿ ಕಲಿತಿದ್ದರೇ ಹೊರತು ಹೆಸರು ಮಾಡಿರಲಿಲ್ಲ.

ಅಂಥವರಿಗೆ ಉಳಿದಿದ್ದ ದಾರಿ ಒಂದೇ, ತುಂಬ ದುಬಾರಿಯದು. ನ್ಯೂಯಾರ್ಕಿನ ದೊಡ್ಡ ಸಭಾಂಗಣವನ್ನು ತಾವೇ ಬಾಡಿಗೆಗೆ ಹಿಡಿಯಬೇಕು, ವಾದ್ಯವೃಂದವನ್ನೂ ಅದರ ನಿರ್ದೇಶಕರನ್ನೂ ತಾವೇ ಹಣ ಕೊಟ್ಟು ಗೊತ್ತುಮಾಡಬೇಕು, ವಿಮರ್ಶಕರು ಬಂದು ಕೇಳುವಂತೆ ಮಾಡಬೇಕು. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಒಳ್ಳೆಯ ಸಾಲು ಬಂದರೆ ಅದೇ ಮುಂದಿನ ಕಛೇರಿಗಳಿಗೆ ರಹದಾರಿ. ಬರದಿದ್ದರೆ ಹಾಕಿದ ಹಣ ಹೋಯಿತು. ವಾದ್ಯವೃಂದವೇ ಏಕೆ ಬೇಕು ಎಂದು ಕೇಳಬಹುದು. ಪಿಯಾನೊ ಒಂದು ಕಡೆ, ಹತ್ತಾರು ವಾದ್ಯಗಳ ವೃಂದ ಇನ್ನೊಂದು ಕಡೆ ನಿಂತು ಮಾತಿಗೆ ಮಾತು ಕೊಡುವಂತೆ ನುಡಿಸುವ ದೊಡ್ಡ ರಚನೆಗೆ ಕನ್ಚರ್ಟೊ ಎನ್ನುತ್ತಾರೆ. ಅಷ್ಟು ವಾದ್ಯಗಳ ನಡುವೆ ತನ್ನ ದನಿ ಮುಳುಗದಂತೆ ನುಡಿಸಬಲ್ಲವರೇ ದೊಡ್ಡ ವಾದಕರು ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ.

ಮನೆಯವರು ಹಣ ಹೊಂದಿಸಿದರು. ಕಾರ್ನೆಗಿ ಹಾಲ್ ಗೊತ್ತಾಯಿತು. ನ್ಯೂಯಾರ್ಕ್ ಸಿಂಫನಿ ವಾದ್ಯವೃಂದ ಮತ್ತು ಅದರ ನಿರ್ದೇಶಕ ವಾಲ್ಟರ್ ಡ್ಯಾಮ್ರೋಶ್ ಒಪ್ಪಿಕೊಂಡರು. ಉಳಿದ ತೊಡಕು ಹೆಸರಿನದು. ಹಿಕನ್‌ಲೂಪರ್ ಎಂಬ ಹೆಸರು ಅಮೆರಿಕನ್ನರ ಕಿವಿಗೆ ಅಪ್ಪಟ ಊರ ಹೆಸರು, ಆ ಹೆಸರಿನ ಹೆಂಗಸು ಜರ್ಮನಿಯ ರಚನಕಾರ ಬೆಥೋವನ್‌ನ ಸಂಗೀತ ನುಡಿಸುತ್ತಾಳೆಂದರೆ ಟಿಕೆಟ್ ಕೊಳ್ಳುವವರು ಯಾರು ಎಂಬುದು ಏಜೆಂಟರ ಯೋಚನೆ. ಆಗ ಮನೆತನದ ಕೊಂಬೆಗಳಲ್ಲಿ ಹುಡುಕಿ ದೂರದ ಸಂಬಂಧಿಯೊಬ್ಬರ ಸಮರಾಫ್ ಎಂಬ ಹೆಸರನ್ನು ತೆಗೆದುಕೊಂಡರು. ಮೂರ್ನಾಲ್ಕು ವರ್ಷ ಲುಟ್ಸ್ಕಿ ಎಂಬ ನಿಜವಾದ ರಷ್ಯನ್ ಹೆಸರನ್ನೇ ಹೊತ್ತಿದ್ದವರಿಗೆ ಆ ಹೆಸರು ಬೇಡವಾಗಿತ್ತು, ಇನ್ನೊಂದು ರಷ್ಯನ್ ಹೆಸರು ಬೇಕಾಗಿತ್ತು!

ಕಲೆಗೆ ಹಣ ಬರುವ ದಾರಿ ಎಲ್ಲೆಡೆ ಒಂದೇ ಥರ ಇರುವುದಿಲ್ಲ ಎನ್ನುವುದಕ್ಕೆ ನಮ್ಮ ಕಡೆಯ ಒಂದು ನಿದರ್ಶನವಿದೆ. ಮೈಸೂರಿನ ಜಯಚಾಮರಾಜ ಒಡೆಯರ್ ಪಿಯಾನೊವನ್ನು ಶ್ರದ್ಧೆಯಿಂದ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ರಚನೆಗಳು ರೆಕಾರ್ಡ್ ಆದದ್ದು 1940ರ ದಶಕದ ಕೊನೆಯಲ್ಲಿ ಒಡೆಯರ್ ಕೊಟ್ಟ ಹಣದಿಂದ. ಮೆಟ್ನರ್‌ಗೆ ಒಬ್ಬ ಮಹಾರಾಜ ಸಿಕ್ಕರು. ಲೂಸಿಗೆ ಸಿಕ್ಕಿದ್ದು ಚಂಡಮಾರುತದಲ್ಲಿ ಎಲ್ಲ ಕಳೆದುಕೊಂಡಿದ್ದ ಮನೆಯವರ ಉಳಿತಾಯ.

ಇಪ್ಪತ್ತು ವರ್ಷದ ವೇದಿಕೆ

ಹಾಕಿದ ಹಣ ನೀರಿಗೆ ಬೀಳಲಿಲ್ಲ. ಅಮೆರಿಕದ ದೊಡ್ಡ ವಾದ್ಯವೃಂದಗಳಿಂದ ಕರೆ ಬರತೊಡಗಿತು, ಅದೇ ವರ್ಷ ಲಂಡನ್ನಿನಲ್ಲೂ ನುಡಿಸಿದರು. ಆ ಹೊತ್ತಿಗೆ ನ್ಯೂಯಾರ್ಕಿನ ಚರ್ಚೊಂದರಲ್ಲಿ ಆರ್ಗನ್ ನುಡಿಸುತ್ತಿದ್ದ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಎಂಬ ಯುವಕನ ಪರಿಚಯವಾಯಿತು. ಲಂಡನ್ನಿನಲ್ಲಿ ಹುಟ್ಟಿದ ಈತನಿಗೆ ವಾದ್ಯವೃಂದ ನಿರ್ದೇಶಕನಾಗುವ ಆಸೆ, ಅನುಭವ ಮಾತ್ರ ಇಲ್ಲ. ಆಗಲೇ ಹೆಸರಾಗಿದ್ದ ಸಮರಾಫ್ ತಮಗೆ ಗೊತ್ತಿದ್ದವರ ಬಳಿ ಅವನ ಪರವಾಗಿ ಮಾತಾಡಿದರು. 1909ರಲ್ಲಿ ಸಿನ್ಸಿನಾಟಿ ವಾದ್ಯವೃಂದ ಅವನನ್ನು ನೇಮಿಸಿಕೊಂಡಿತು. 1911ರಲ್ಲಿ ಇಬ್ಬರೂ ಮದುವೆಯಾದರು. 1912ರಲ್ಲಿ ಫಿಲಡೆಲ್ಫಿಯಾ ವಾದ್ಯವೃಂದ ಸ್ಟೊಕೊವ್‌ಸ್ಕಿಯ ಕೈಗೆ ಬಂತು. ಡಿಸ್ನಿಯ ಫ್ಯಾಂಟೇಸಿಯಾ ಚಿತ್ರದಲ್ಲಿ ಮಿಕ್ಕಿ ಮೌಸ್ ಜೊತೆ ಕೈ ಕುಲುಕುವ ಸಂಗೀತ ನಿರ್ದೇಶಕರನ್ನು ನೋಡಿದ್ದರೆ, ಅವರೇ ಇವರು. ಸ್ಟೊಕೊವ್‌ಸ್ಕಿ ಕುರಿತ ಬರಹಗಳಲ್ಲಿ ಸಮರಾಫ್ 'ಮೊದಲ ಹೆಂಡತಿ'ಯಾಗಿ ಒಂದು ಸಾಲಿನಲ್ಲಿ ಬಂದುಹೋಗುವುದುಂಟು. ಬಾಗಿಲು ತೆರೆಸಿಕೊಟ್ಟವರಿಗೆ ಒಂದು ಸಾಲು ಕಡಿಮೆಯೇ.

1920ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ಬೆಥೋವನ್‌ನ 32 ಪಿಯಾನೊ ಸೊನಾಟಾಗಳನ್ನೂ ಸರಣಿ ಕಛೇರಿಗಳಲ್ಲಿ ನುಡಿಸಿದರು. ಸೊನಾಟಾ ಎಂದರೆ ಒಂದು ಅಥವಾ ಎರಡು ವಾದ್ಯಗಳಿಗಾಗಿ ಬರೆದ, ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಭಾಗಗಳಿರುವ ರಚನೆ. ಬೆಥೋವನ್ ಇವನ್ನು ಯೌವನದಿಂದ ಹಿಡಿದು ಕಿವಿ ಪೂರ್ತಿ ಕೇಳಿಸದಾದ ಕಾಲದವರೆಗೂ ಬರೆಯುತ್ತ ಹೋದ. ಎಲ್ಲವನ್ನೂ ಕೂಡಿಸಿದರೆ ಹತ್ತು ಗಂಟೆಗೆ ಕಡಿಮೆಯಿಲ್ಲದ ಸಂಗೀತ. ಇಂದು ಈ ಸಾಹಸ ಮಾಡುವವರು ಹಲವರಿದ್ದಾರೆ. ಆಗ ಜರ್ಮನಿಯ ಪಿಯಾನೊ ವಾದಕ ಹ್ಯಾನ್ಸ್ ಫಾನ್ ಬ್ಯೂಲೊ ಅವರಂಥ ಒಬ್ಬಿಬ್ಬರ ಹೆಸರು ಮಾತ್ರ ಹೇಳಬಹುದಿತ್ತು. ಅಮೆರಿಕದಲ್ಲಿ ಹುಟ್ಟಿದ ಹೆಂಗಸೊಬ್ಬರು ಇದನ್ನು ಮಾಡಿದ್ದು ಅದೇ ಮೊದಲು.

1921ರಲ್ಲಿ ಮಗಳು ಸೋನ್ಯಾ ಹುಟ್ಟಿದಳು. 1923ರಲ್ಲಿ ದಂಪತಿ ಬೇರೆಯಾದರು. 1925ರಲ್ಲಿ ಸಮರಾಫ್ ತಮ್ಮ ನ್ಯೂಯಾರ್ಕ್ ಮನೆಯಲ್ಲಿ ಬಿದ್ದು ಭುಜಕ್ಕೆ ಪೆಟ್ಟು ಮಾಡಿಕೊಂಡರು. ಪಿಯಾನೊ ನುಡಿಸುವುದು ಬೆರಳಿನ ಕೆಲಸ ಎಂದು ನಾವಂದುಕೊಳ್ಳುತ್ತೇವೆ. ದೊಡ್ಡ ಸಭಾಂಗಣದ ಕೊನೆಯ ಸಾಲಿಗೆ ಕೇಳಿಸುವ ನಾದಕ್ಕೆ ತೋಳಿನ, ಭುಜದ ಭಾರವೇ ಬೇಕು. ಸಮರಾಫ್ ಕಛೇರಿ ಬದುಕನ್ನು ಅಲ್ಲಿಗೆ ಬಿಟ್ಟರು. ಮರುವರ್ಷ ನ್ಯೂಯಾರ್ಕ್ ಈವ್ನಿಂಗ್ ಪೋಸ್ಟ್ ಪತ್ರಿಕೆಯ ಸಂಗೀತ ವಿಮರ್ಶಕಿಯಾದರು. ನ್ಯೂಯಾರ್ಕಿನ ದಿನಪತ್ರಿಕೆಯೊಂದರಲ್ಲಿ ಆ ಹುದ್ದೆಯಲ್ಲಿ ಕುಳಿತ ಮೊದಲ ಹೆಂಗಸು ಅವರು. ಒಂದು ಕಾಲಕ್ಕೆ ಯಾರ ನಾಲ್ಕು ಸಾಲಿಗಾಗಿ ಮನೆಯವರು ಉಳಿತಾಯವನ್ನೆಲ್ಲ ಸುರಿದಿದ್ದರೋ ಆ ಜಾಗಕ್ಕೆ ತಾವೇ ಬಂದಂತಾಯಿತು. 1928ರವರೆಗೆ ಆ ಕೆಲಸದಲ್ಲಿದ್ದರು.

ನುಡಿಸಿ ತೋರಿಸದ ಗುರು

ಈ ಹೊತ್ತಿಗಾಗಲೇ ಅವರು ಪಾಠ ಹೇಳುತ್ತಿದ್ದರು. ಆಗಸ್ಟಸ್ ಜೂಲಿಯಾರ್ಡ್ ಎಂಬ ಬಟ್ಟೆ ವ್ಯಾಪಾರಿ ಬಿಟ್ಟುಹೋದ ಆಸ್ತಿಯಿಂದ 1924ರಲ್ಲಿ ನ್ಯೂಯಾರ್ಕಿನಲ್ಲಿ ಜೂಲಿಯಾರ್ಡ್ ಗ್ರಾಜುಯೇಟ್ ಸ್ಕೂಲ್ ಶುರುವಾಯಿತು. ಅದರ ಪಿಯಾನೊ ವಿಭಾಗದಲ್ಲಿ ರಷ್ಯಾದ ಯೋಸೆಫ್ ಮತ್ತು ರೊಸಿನಾ ಲೆವಿನ್ ದಂಪತಿ, ಆಸ್ಟ್ರೇಲಿಯಾ ಮೂಲದ ಹಚಿಸನ್ ಮುಂತಾದ ಹೊರದೇಶದವರೇ ಇದ್ದರು. ಅವರ ನಡುವೆ ಅಮೆರಿಕದಲ್ಲಿ ಹುಟ್ಟಿದ ಮೊದಲ ಅಧ್ಯಾಪಕಿ ಸಮರಾಫ್. ಕೆಲವು ವರ್ಷಗಳ ನಂತರ ಫಿಲಡೆಲ್ಫಿಯಾ ಕನ್ಸರ್ವೇಟರಿಯಲ್ಲೂ ಕಲಿಸತೊಡಗಿದರು. ಎರಡೂ ಊರಿನ ಕೆಲಸ ಸಾಯುವವರೆಗೆ ನಡೆಯಿತು.

ಅವರ ಪಾಠದ ರೀತಿ ನಮಗೆ ವಿಚಿತ್ರವಾಗಿ ಕಾಣಬಹುದು. ಶಿಷ್ಯರಿಗೆ ಒಂದು ರಚನೆಯನ್ನು ಹೇಗೆ ನುಡಿಸಬೇಕೆಂದು ಅವರು ಸಾಮಾನ್ಯವಾಗಿ ನುಡಿಸಿ ತೋರಿಸುತ್ತಿರಲಿಲ್ಲ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಪಾಠವೇ ಅಲ್ಲ ಅನ್ನಿಸೀತು. ಅಲ್ಲಿ ಗುರು ಒಂದು ಸಾಲು ಹಾಡುತ್ತಾರೆ, ಶಿಷ್ಯ ಅದನ್ನೇ ಹಾಡುತ್ತಾನೆ, ಗಮಕ ಸರಿ ಬರುವವರೆಗೆ ಮತ್ತೆ ಮತ್ತೆ. ಪುಸ್ತಕದಲ್ಲಿ ಸ್ವರ ಬರೆದಿದ್ದರೂ ಕೃತಿ ಬದುಕಿರುವುದು ಗುರುವಿನ ಕಂಠದಲ್ಲಿ. ಗುರುವಿನಂತೆ ಹಾಡುವುದು ಮೊದಲ ಮೆಟ್ಟಿಲು, ತನ್ನದೇ ಮನೋಧರ್ಮ ಆಮೇಲಿನದು. ಪಾಶ್ಚಾತ್ಯ ಸಂಗೀತದಲ್ಲಿ ರಚನಕಾರ ತನಗೆ ಬೇಕಾದ ಸ್ವರ, ಲಯ, ಜೋರು, ಮೆದು ಬಹುಪಾಲು ಎಲ್ಲವನ್ನೂ ಕಾಗದದ ಮೇಲೆ ಬರೆದಿಟ್ಟಿರುತ್ತಾನೆ. ಸಮರಾಫ್ ಅವರ ಹಟ ಇಷ್ಟೇ: ಆ ಕಾಗದ ನಿನ್ನ ಮುಂದೆಯೇ ಇರುವಾಗ ನನ್ನ ಕೈ ನೋಡಿ ಏಕೆ ಕಲಿಯಬೇಕು?

ಇದರಿಂದ ಶಿಷ್ಯರ ಕೆಲಸ ಹಗುರವಾಗಲಿಲ್ಲ, ಹೆಚ್ಚಾಯಿತು. ಇಲ್ಲಿ ನಿಧಾನವಾದದ್ದೇಕೆ, ಈ ಸ್ವರಕ್ಕೆ ಒತ್ತು ಕೊಟ್ಟದ್ದೇಕೆ ಎಂದು ಗುರು ಕೇಳುತ್ತಾರೆ. 'ಇಂಥ ವಾದಕರು ಹೀಗೆ ನುಡಿಸುತ್ತಾರೆ' ಎಂಬ ಉತ್ತರ ನಡೆಯುವುದಿಲ್ಲ. ರಚನಕಾರ ಬರೆದದ್ದು ಯಾವುದು, ನಂತರದ ಸಂಪಾದಕರು ಸೇರಿಸಿದ್ದು ಯಾವುದು ಎಂದು ಬಿಡಿಸಿ ನೋಡಬೇಕು. ಸಂಗೀತದ ಹೊರಗಿನ ಪುಸ್ತಕ, ಚಿತ್ರಕಲೆ, ಲೋಕದ ವಿದ್ಯಮಾನವೂ ಗೊತ್ತಿರಬೇಕು. ಮನೆಯಲ್ಲಿ ಆಗಾಗ ಅತಿಥಿಗಳನ್ನು ಕರೆದು ಶಿಷ್ಯರಿಂದ ನುಡಿಸುತ್ತಿದ್ದರು. ಒಬ್ಬರ ಮುಂದೆ ನುಡಿಸುವುದಕ್ಕೂ ತುಂಬಿದ ಕೋಣೆಯಲ್ಲಿ ನುಡಿಸುವುದಕ್ಕೂ ಇರುವ ವ್ಯತ್ಯಾಸ ಅನುಭವದಿಂದಲೇ ತಿಳಿಯಬೇಕಾದದ್ದು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಕೈ ಬರಿದಾದ ಶಿಷ್ಯರ ವಾಸ, ಊಟ, ಕಛೇರಿಯ ಉಡುಪಿನ ಖರ್ಚಿಗೂ ನೆರವಾದರು. ಶಿಷ್ಯರು ಅವರನ್ನು ಕರೆಯುತ್ತಿದ್ದದ್ದು 'ಮೇಡಂ' ಎಂದು.

ಸ್ವಂತವಾಗಿ ಯೋಚಿಸುವ ಈ ಪಟ್ಟು ಅವರಿಗೆ ಎಲ್ಲಿಂದ ಬಂತು ಎನ್ನುವುದು ಊಹಿಸಲು ಕಷ್ಟವಲ್ಲ. ಇನ್ನೊಂದು ದೇಶದವಳಂತೆ ಕಾಣಿಸಿಕೊಂಡರೆ ಮಾತ್ರ ನಿನ್ನನ್ನು ಕೇಳುತ್ತೇವೆ ಎಂದ ಮಾರುಕಟ್ಟೆಯಲ್ಲಿ ಬೆಳೆದವರು ಅವರು. ತಮ್ಮ ಶಿಷ್ಯರು ಯಾರಂತೆಯೂ ಕಾಣಿಸಬೇಕಾಗಿ ಬರಬಾರದು ಎಂದು ಬಯಸಿದ್ದರೆ ಅದು ಸಹಜ. ಅವರ ಶಿಷ್ಯರಾದ ವಿಲಿಯಂ ಕೇಪಲ್, ರೊಸಲಿನ್ ಟ್ಯುರೆಕ್, ಯೂಜಿನ್ ಲಿಸ್ಟ್ ತಂತಮ್ಮ ಹೆಸರಿನಲ್ಲೇ ವೇದಿಕೆ ಹತ್ತಿದರು.

ಮೊದಲ ಅವಕಾಶದ ತೊಡಕನ್ನೂ ಅವರು ಮರೆತಿರಲಿಲ್ಲ. 1928ರಲ್ಲಿ, ರಚನಕಾರ ಶೂಬರ್ಟ್ ಸತ್ತು ನೂರು ವರ್ಷವಾದಾಗ, ಶೂಬರ್ಟ್ ಮೆಮೋರಿಯಲ್ ಎಂಬ ಸಂಸ್ಥೆ ಕಟ್ಟಲು ಮುಂದಾದರು. ಸ್ಪರ್ಧೆಯಲ್ಲಿ ಗೆದ್ದ ಅಮೆರಿಕದ ಯುವ ವಾದಕರಿಗೆ ದೊಡ್ಡ ವಾದ್ಯವೃಂದದ ಜೊತೆ ನುಡಿಸುವ ಅವಕಾಶ ಕೊಡಿಸುವುದು ಅದರ ಕೆಲಸ. ಸಭಾಂಗಣದ ಬಾಡಿಗೆ ಕಟ್ಟಲಾಗದವರಿಗೂ ಒಂದು ದಾರಿ.

ಕೇಳುವವರಿಗೂ ಪಾಠ

1930ರ ದಶಕದ ಆರಂಭದಲ್ಲಿ ಅವರು ವಾದ್ಯ ಮುಟ್ಟದ ಜನರಿಗಾಗಿ ತರಗತಿ ತೆರೆದರು. ರೇಡಿಯೊ, ಗ್ರಾಮಫೋನ್ ಮನೆಮನೆಗೆ ಬಂದು, ಹಿಂದೆ ನುಡಿಸುತ್ತಿದ್ದವರೆಲ್ಲ ಬರೀ ಕೇಳುಗರಾಗುತ್ತಿದ್ದ ಕಾಲ ಅದು. ವೈದ್ಯರು, ಗೃಹಿಣಿಯರು, ಕಚೇರಿ ನೌಕರರಿಗೆ ಸ್ವರಲಿಪಿಯ ಮೊದಲ ಪಾಠ, ಲಯ ಎಣಿಸುವ ಕ್ರಮ, ಒಂದು ರಚನೆಯ ಮುಖ್ಯ ಎಳೆ ಎಲ್ಲಿ ಮರೆಯಾಗಿ ಎಲ್ಲಿ ಮತ್ತೆ ತಲೆಯೆತ್ತುತ್ತದೆ ಎಂದು ಗುರುತಿಸುವ ಅಭ್ಯಾಸ. ಕೂತು ಸುಮ್ಮನೆ ಕೇಳಿಸಿಕೊಳ್ಳುವುದರ ಬದಲು ಗಮನವಿಟ್ಟು ಬೆನ್ನಟ್ಟುವುದು. ಈ ತರಗತಿಗಳು ನ್ಯೂಯಾರ್ಕಿನಾಚೆ ಫಿಲಡೆಲ್ಫಿಯಾ, ವಾಷಿಂಗ್ಟನ್‌ಗೂ ಹರಡಿದವು. ಸಾಮಾನ್ಯ ಕೇಳುಗರಿಗಾಗಿ ಪುಸ್ತಕಗಳನ್ನೂ ಬರೆದರು, 1939ರಲ್ಲಿ ಆತ್ಮಕಥೆಯನ್ನೂ.

1948ರ ಮೇ 17ರಂದು ಹೃದಯಾಘಾತದಿಂದ ತೀರಿಕೊಂಡರು. ಅಂದು ಹಗಲು ಪಾಠ ನಡೆದಿತ್ತು.

ಈಗ ಕೇಳಬೇಕೆಂದರೆ

ಸಮರಾಫ್ 1920ರ ದಶಕದಲ್ಲಿ ವಿಕ್ಟರ್ ಕಂಪನಿಗೆ ನುಡಿಸಿದ ರೆಕಾರ್ಡುಗಳು ಉಳಿದಿವೆ. ಆಗಿನ ತಟ್ಟೆಯ ಒಂದು ಬದಿಯಲ್ಲಿ ನಾಲ್ಕು, ನಾಲ್ಕೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಹೀಗಾಗಿ ನಮಗೆ ಸಿಗುವುದು ಹೆಚ್ಚಾಗಿ ಸಣ್ಣ ರಚನೆಗಳು. ಹಿಸ್ಸೆನ್ನುವ ಸದ್ದಿನ ಹಿಂದಿನಿಂದ ಅವರ ಶಕ್ತಿಯನ್ನು ಊಹಿಸಿಕೊಳ್ಳಬೇಕು. ಬೆಥೋವನ್ ಸರಣಿ ಕೇಳಿದವರು ಅಂದು ಫಿಲಡೆಲ್ಫಿಯಾದ ಸಭಾಂಗಣದಲ್ಲಿ ಕುಳಿತಿದ್ದವರು ಮಾತ್ರ.

ಗುರುವಾಗಿ ಅವರನ್ನು ತಿಳಿಯಲು ಶಿಷ್ಯರನ್ನು ಕೇಳುವುದು ಒಳ್ಳೆಯದು. ಕೇಪಲ್ 1946ರಲ್ಲಿ ಬಾಸ್ಟನ್ ಸಿಂಫನಿ ಜೊತೆ ರೆಕಾರ್ಡ್ ಮಾಡಿದ, ಸೋವಿಯತ್ ರಚನಕಾರ ಖಚಟೂರಿಯನ್‌ನ ಕನ್ಚರ್ಟೊದಲ್ಲಿ ಮೊದಲ ನಿಮಿಷದಿಂದಲೇ ಬಿರುಸು. 1953ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ, ಆಸ್ಟ್ರೇಲಿಯಾ ಪ್ರವಾಸದಿಂದ ಮರಳುವಾಗ ವಿಮಾನ ದುರಂತದಲ್ಲಿ ಅವರು ತೀರಿಕೊಂಡರು. ಟ್ಯುರೆಕ್ ಬದುಕಿನ ಬಹುಭಾಗವನ್ನು ಜರ್ಮನಿಯ ರಚನಕಾರ ಬಾಖ್ ಒಬ್ಬನಿಗೇ ಕೊಟ್ಟವರು. ಅವರು ನುಡಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಎಂಬ ರಚನೆ ಅಳೆದು ತೂಗಿ ಇಟ್ಟ ಹೆಜ್ಜೆ, ಒಂದೊಂದು ಎಳೆಯೂ ಬೇರೆಯಾಗಿ ಕೇಳಿಸುತ್ತದೆ. ಲಿಸ್ಟ್ ಹದಿಹರೆಯದಲ್ಲೇ, 1934ರಲ್ಲಿ, ಶೊಸ್ಟಕೋವಿಚ್‌ನ ಮೊದಲ ಪಿಯಾನೊ ಕನ್ಚರ್ಟೊವನ್ನು ಅಮೆರಿಕಕ್ಕೆ ಮೊದಲು ಕೇಳಿಸಿದರು. ಅಂದು ವಾದ್ಯವೃಂದ ನಡೆಸಿದವರು ಗುರುವಿನ ಮಾಜಿ ಗಂಡ ಸ್ಟೊಕೊವ್‌ಸ್ಕಿಯೇ. 1945ರಲ್ಲಿ ಸೈನಿಕನಾಗಿದ್ದ ಇದೇ ಲಿಸ್ಟ್ ಎರಡನೇ ಮಹಾಯುದ್ಧದ ಮಿತ್ರರಾಷ್ಟ್ರಗಳ ನಾಯಕರು ಸೇರಿದ್ದ ಪಾಟ್ಸ್‌ಡ್ಯಾಮ್ ಸಮ್ಮೇಳನದಲ್ಲಿ ಟ್ರೂಮನ್, ಚರ್ಚಿಲ್, ಸ್ಟಾಲಿನ್ ಮುಂದೆ ನುಡಿಸಿದರು. ಸ್ವರಲಿಪಿಯ ಹಾಳೆ ತಿರುಗಿಸಿದ್ದು ಅಮೆರಿಕದ ಅಧ್ಯಕ್ಷ ಟ್ರೂಮನ್. ಮೂವರ ರೆಕಾರ್ಡುಗಳನ್ನೂ ಒಂದರ ಹಿಂದೊಂದು ಕೇಳಿದರೆ ಒಬ್ಬರೇ ಗುರುವಿನ ಬಳಿ ಕಲಿತವರೆಂದು ಪತ್ತೆ ಹಚ್ಚುವುದು ಕಷ್ಟ.